ಹತ್ತನೇ ಕ್ಲಾಸಿನ ಮಕ್ಕಳಿಂದ ಕಾಲೇಜು ಬ್ರೋಷರ್ ಮಾಡಿಸೋದು ಹೇಗೆ?

[ದೃಶ್ಯ: ಬಸ್ ಸ್ಟ್ಯಾಂಡ್ ಗೋಡೆ. ಸಾಲಾಗಿ ಪಿಯು ಕಾಲೇಜುಗಳ ಫ್ಲೆಕ್ಸ್. ಮಕ್ಕಳ ಫೋಟೊಗಳ ಮೇಲೆ ದಪ್ಪಕ್ಷರದಲ್ಲಿ "ಶೇ 100 ಫಲಿತಾಂಶ".]

ನಮಸ್ಕಾರ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯೋ ಹೊತ್ತಿಗೆ ಊರ ಗೋಡೆಗಳೆಲ್ಲ ಪಿಯು ಕಾಲೇಜುಗಳ ಪಾಲು. ಇಂಥ ಫ್ಲೆಕ್ಸನ್ನು ಮಕ್ಕಳು ಅನುಮಾನ ಇಟ್ಟುಕೊಂಡು ಓದಬೇಕು ಅಂದ್ರೆ ಭಾಷಣ ಸಾಲದು, ಅವರ ಕೈಲೇ ಒಂದು ಬ್ರೋಷರ್ ಮಾಡಿಸಬೇಕು. ಕಾಲೇಜಿನವರ ಪರವಾಗಿ ಅಲ್ಲ. ಈಗ ಒಂಬತ್ತರಲ್ಲಿರೋ ಮಕ್ಕಳು, ಅವರ ಮನೆಯವರು ಓದೋದಕ್ಕೆ.

ಈ ವಿಡಿಯೋ ಹೈಸ್ಕೂಲ್ ಶಿಕ್ಷಕರಿಗೆ. 40 ನಿಮಿಷದ ಆರು ಪೀರಿಯಡ್ ಬೇಕು. ಪೂರ್ವಸಿದ್ಧತಾ ಪರೀಕ್ಷೆ ಶುರುವಾಗೋಕೆ ಮುಂಚೆ ಮುಗಿಸಿ, ಆಮೇಲೆ ಯಾರಿಗೂ ಪುರುಸೊತ್ತಿರಲ್ಲ. ನಾಲ್ಕು ಜನಕ್ಕೆ ಒಂದು ಗುಂಪು, ಗುಂಪಿಗೆ ಒಂದೇ ಸಂಸ್ಥೆ. ಎಲ್ಲರೂ ಹೆಸರಾಂತ ಖಾಸಗಿ ಕಾಲೇಜಿನ ಹಿಂದೆ ಬೀಳದ ಹಾಗೆ ನೀವೇ ಹಂಚಿ: ಒಂದು ಸರ್ಕಾರಿ ಪಿಯು, ಒಂದು ಅನುದಾನಿತ, ಒಂದು ಖಾಸಗಿ, ಒಂದು ಪಾಲಿಟೆಕ್ನಿಕ್, ಒಂದು ಐಟಿಐ.

[ಪರದೆ: ನಾಲ್ಕು ಕಾಲಂ. ಪ್ರಶ್ನೆ | ಉತ್ತರ | ಯಾರು ಹೇಳಿದ್ದು, ಎಲ್ಲಿ ನೋಡಿದ್ದು | ದಿನಾಂಕ]

ಮೊದಲ ಪೀರಿಯಡ್‌ನಲ್ಲಿ ಕಂಪ್ಯೂಟರ್ ಮುಟ್ಟಿಸಬೇಡಿ. ಮುಟ್ಟಿಸಿದ್ರೆ ಮಕ್ಕಳು ಕಾಲೇಜಿನ ವೆಬ್‌ಸೈಟಿಂದ "ವಿಶಾಲವಾದ ಕ್ಯಾಂಪಸ್, ಅನುಭವಿ ಉಪನ್ಯಾಸಕರು" ಅಂತ ಎತ್ತಿ ಅಂಟಿಸ್ತಾರೆ, ಕೆಲಸ ಅಲ್ಲಿಗೇ ಮುಗೀತು ಅಂದುಕೊಳ್ತಾರೆ. ನೋಟ್‌ಬುಕ್ಕಲ್ಲಿ ಈ ನಾಲ್ಕು ಕಾಲಂ ಹಾಕಿಸಿ. ಮೂರನೇ ಕಾಲಂ ಖಾಲಿ ಇರೋ ಯಾವ ಸಾಲೂ ಬ್ರೋಷರಿಗೆ ಹೋಗಬಾರದು. ನಿಯಮ ಅಷ್ಟೇ, ಆದ್ರೆ ಇದರಲ್ಲಿ ಸಡಿಲ ಕೊಟ್ರೆ ಇಡೀ ಪ್ರಾಜೆಕ್ಟ್ ಬರೀ ಬಣ್ಣದ ಕೆಲಸ ಆಗುತ್ತೆ.

ಈಗ ಪ್ರಶ್ನೆಗಳು. ಮೊದಲನೇದು ಕಾಂಬಿನೇಷನ್. ಪಿಯುನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ವಿಜ್ಞಾನಕ್ಕೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ), ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ), ವಾಣಿಜ್ಯಕ್ಕೆ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ), ಎಸ್‌ಇಬಿಎ (ಇತಿಹಾಸದ ಬದಲು ಸಂಖ್ಯಾಶಾಸ್ತ್ರ), ಸಿಇಬಿಎ (ಇತಿಹಾಸದ ಬದಲು ಕಂಪ್ಯೂಟರ್ ವಿಜ್ಞಾನ), ಕಲೆಗೆ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ). ಬ್ರೋಷರಲ್ಲಿ ಬರೀ ಅಕ್ಷರ ಬರೆದ್ರೆ ಪೋಷಕರಿಗೆ ಏನೂ ತಿಳಿಯಲ್ಲ. ಪ್ರತಿಯೊಂದರ ಪಕ್ಕ ವಿಷಯಗಳ ಪೂರ್ತಿ ಹೆಸರು, ಅದರಿಂದ ಮುಂದೆ ಯಾವ ದಾರಿ ಮುಚ್ಚುತ್ತೆ ಅನ್ನೋದು ಇರಬೇಕು. ಜೀವಶಾಸ್ತ್ರ ಬಿಟ್ಟರೆ ನೀಟ್ ದಾರಿ ಕಷ್ಟ, ಗಣಿತ ಬಿಟ್ಟರೆ ಪಿಯು ಮೇಲೆ ಎಂಜಿನಿಯರಿಂಗ್ ಇಲ್ಲ. ಜೊತೆಗೆ ಇನ್ನೊಂದು ಕೇಳಿಸಿ: ಬೋರ್ಡಿನ ಮೇಲಿರೋ ಕಾಂಬಿನೇಷನ್ ಈ ವರ್ಷ ನಿಜವಾಗ್ಲೂ ನಡೀತಿದೆಯಾ? ಆ ವಿಷಯಕ್ಕೆ ಉಪನ್ಯಾಸಕರು ಇದ್ದಾರಾ?

[ಪರದೆ: 120 → 85 → 85]

ಫಲಿತಾಂಶದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಕಾಲೇಜಲ್ಲಿ 120 ಮಕ್ಕಳು ಪ್ರಥಮ ಪಿಯು ಸೇರಿದ್ರು ಅಂತಿಟ್ಟುಕೊಳ್ಳಿ. ಎರಡು ವರ್ಷದ ಮೇಲೆ ದ್ವಿತೀಯ ಪಿಯು ಪರೀಕ್ಷೆ ಬರೆದವರು 85, ಪಾಸಾದವರೂ 85. ಶೇ 100 ಫಲಿತಾಂಶ, ಸುಳ್ಳೇನಲ್ಲ. ಆದ್ರೆ ಸೇರಿದ 120ಕ್ಕೆ ಲೆಕ್ಕ ಹಾಕಿದ್ರೆ ಸುಮಾರು ಶೇ 71. ಉಳಿದ 35 ಮಕ್ಕಳು ಫೇಲಾದ್ರೋ, ಟಿಸಿ ತಗೊಂಡು ಬೇರೆ ಕಡೆ ಹೋದ್ರೋ, ಫ್ಲೆಕ್ಸ್ ಹೇಳಲ್ಲ. ಮಕ್ಕಳು ಕಾಲೇಜಿನ ಮೇಲೆ ಆರೋಪ ಮಾಡೋದು ಬೇಡ. ಸೇರಿದವರು, ಬರೆದವರು, ಪಾಸಾದವರು ಅಂತ ಮೂರು ಸಂಖ್ಯೆ ಪಕ್ಕಪಕ್ಕ ಬರೆದರೆ ಸಾಕು. ಕಾಲೇಜು ಕೊಡದಿದ್ರೆ "ಕೇಳಿದೆವು, ಕೊಡಲಿಲ್ಲ" ಅಂತ ಅಚ್ಚು ಹಾಕಿಸಿ. ಅದೂ ಮಾಹಿತಿಯೇ.

ಶುಲ್ಕ ಕೇಳುವಾಗ "ಫೀಸ್ ಎಷ್ಟು ಸಾರ್" ಅಂದ್ರೆ ಬೋಧನಾ ಶುಲ್ಕ ಮಾತ್ರ ಹೇಳಿ ಬಿಡಬಹುದು. ಪ್ರವೇಶ ಶುಲ್ಕ, ಲ್ಯಾಬ್, ಇಂಟಿಗ್ರೇಟೆಡ್ ಕೋಚಿಂಗ್ (ಪಾಠದ ಜೊತೆಗೇ ಪ್ರವೇಶ ಪರೀಕ್ಷೆಗಳ ತರಬೇತಿ), ಪುಸ್ತಕ, ಯೂನಿಫಾರ್ಮ್, ಬಸ್ ಅಥವಾ ಹಾಸ್ಟೆಲ್ ಅಂತ ಒಂದೊಂದೇ ಕೇಳಿಸಿ. ದ್ವಿತೀಯ ಪಿಯುಗೆ ಮತ್ತೆ ಎಷ್ಟು ಅಂತಲೂ ಕೇಳಿಸಿ. ಫೋನಲ್ಲಿ ಮಕ್ಕಳಿಗೆ ಗುಮಾಸ್ತರು ಹೇಳದೇ ಹೋಗಬಹುದು. ಮುಖ್ಯ ಶಿಕ್ಷಕರ ಪತ್ರ ಹಿಡಿದು, ಮನೆಯ ಒಬ್ಬ ಹಿರಿಯರ ಜೊತೆ ಹೋಗೋದು ವಾಸಿ. ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್ ಎಲ್ಲಿದೆ, ಎಸ್‌ಎಸ್‌ಪಿ ಅನ್ನೋ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋಕೆ ಏನೇನು ದಾಖಲೆ ಬೇಕು ಅನ್ನೋದೂ ಬ್ರೋಷರಲ್ಲಿ ಶುಲ್ಕ ಇರೋ ಪ್ಯಾನೆಲಿಗೇ (ಪ್ಯಾನೆಲ್ ಅಂದ್ರೆ ಮಡಚಿದಾಗ ಬರೋ ಒಂದು ಭಾಗ). ಕೋಚಿಂಗ್ ಎಷ್ಟು ಗಂಟೆಗೆ ಬಿಡುತ್ತೆ, ಊರಿಗೆ ಕೊನೇ ಬಸ್ ಎಷ್ಟಕ್ಕೆ? ಎಷ್ಟೋ ಹುಡುಗಿಯರ ಓದು ನಿಂತಿರೋದು ಈ ಎರಡು ಸಮಯದ ಮೇಲೆ.

ಪಾಲಿಟೆಕ್ನಿಕ್ ಗುಂಪಿಗೆ ಬೇರೆ ವಿಷಯ: ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಐಟಿಐ ಆದ್ರೆ ಸಂಸ್ಥೆಯ ಹೆಸರು ನೋಡಿ ಸುಮ್ಮನಾಗಬೇಡಿ, ಸೇರಬೇಕಾದ ಟ್ರೇಡಿಗೇ (ಕಲಿಯೋ ಕಸುಬಿಗೇ) ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯಾ ಅಂತ ನೋಡಿಸಿ, ಹಿಂದೆ ಇದನ್ನೇ ಎನ್‌ಸಿವಿಟಿ ಮಾನ್ಯತೆ ಅಂತಿದ್ರು.

[ದೃಶ್ಯ: ಎ4 ಹಾಳೆ ಅಡ್ಡಲಾಗಿ. ಸ್ಕೇಲಲ್ಲಿ ಗೆರೆ ಎಳೆಯುವ ಕೈ.]

ಈಗ ವಿನ್ಯಾಸ. ಎ4 ಹಾಳೆ ಅಡ್ಡಲಾಗಿ 297 ಮಿಲಿಮೀಟರ್. ಮೂರು ಸಮ ಭಾಗ ಮಾಡಿದ್ರೆ ಒಳಗೆ ಮಡಚೋ ಪ್ಯಾನೆಲ್ ಅಂಚಿಗೆ ತಾಗಿ ಉಬ್ಬುತ್ತೆ. ಅದಕ್ಕೇ ಆ ಪ್ಯಾನೆಲ್ 97, ಉಳಿದೆರಡು ನೂರು ನೂರು. ಹೊರಮೈಯಲ್ಲಿ ಎಡದಿಂದ 97, 100, 100: ಒಳಗೆ ಮಡಚೋದು, ಹಿಂಬದಿ, ಮುಖಪುಟ. ಒಳಮೈಯಲ್ಲಿ ತಿರುಗುಮುರುಗು: 100, 100, 97. ಇದನ್ನು ಬರೀ ಬಾಯಲ್ಲಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ಬಿಳಿ ಹಾಳೆ ಮಡಚಿ, ಪ್ಯಾನೆಲಿಗೆ ಒಂದರಿಂದ ಆರು ನಂಬರ್ ಹಾಕಿಸಿ, ಅದನ್ನ ನೋಡಿಕೊಂಡೇ ಕಂಪ್ಯೂಟರಲ್ಲಿ ಜೋಡಿಸಲಿ.

ಒಂದು ಪ್ಯಾನೆಲಿಗೆ 60–70 ಪದ ದಾಟಬೇಡಿ. ಅಕ್ಷರ 11 ಪಾಯಿಂಟ್, ಸಾಲುಗಳ ಅಂತರ ಒಂದೂವರೆ ಪಟ್ಟು. ಕಮ್ಮಿ ಮಾಡಿದ್ರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲಕಟ್ಟಿಗೆ ತಾಗುತ್ತೆ. ಎರಡೂ ಅಂಚು ಸಮ ಮಾಡೋ ಜಸ್ಟಿಫೈ ಬೇಡ. ನಮ್ಮ ಪದಗಳು ಉದ್ದ, ಕಿರಿದಾದ ಪ್ಯಾನೆಲಲ್ಲಿ ನಡುನಡುವೆ ದೊಡ್ಡ ಗ್ಯಾಪ್ ಬೀಳುತ್ತೆ.

ಫಾಂಟ್ ವಿಷಯದಲ್ಲಿ ಎಡವೋದು ಇಲ್ಲಿ: ಯಾರೋ ಹಳೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದನ್ನ ಕ್ಯಾನ್ವಾ ಅನ್ನೋ ವಿನ್ಯಾಸದ ಆ್ಯಪಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಮೊದಲಿಂದಲೂ ಯೂನಿಕೋಡಲ್ಲೇ ಟೈಪ್ ಮಾಡಿಸಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ. ಡಿಟಿಪಿ ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ. ಫೋಟೊ ವಾಟ್ಸಾಪಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಕುಗ್ಗಿ ಅಚ್ಚಲ್ಲಿ ಮಸುಕಾಗುತ್ತೆ. ಪ್ಯಾನೆಲ್ ತುಂಬೋ ಚಿತ್ರಕ್ಕೆ ಅಗಲ 1,200 ಪಿಕ್ಸೆಲ್ ಆದ್ರೂ ಬೇಕು.

ಎರಡೂ ಕಡೆ ಪ್ರಿಂಟ್ ಹಾಕುವಾಗ "ಫ್ಲಿಪ್ ಆನ್ ಶಾರ್ಟ್ ಎಡ್ಜ್" ಆರಿಸಿ, ಇಲ್ಲದಿದ್ರೆ ಒಳಮೈ ತಲೆಕೆಳಗಾಗುತ್ತೆ. ಮೊದಲು ಒಂದೇ ಪ್ರತಿ ತೆಗೆದು ಬೇರೆ ಗುಂಪಿಗೆ ಕೊಡಿ. ಒಂದು ನಿಮಿಷದಲ್ಲಿ ಮೂರು ಹುಡುಕಲಿ: ಒಟ್ಟು ಖರ್ಚು, ಗಣಿತ ಇರೋ ಕಾಂಬಿನೇಷನ್, ಅರ್ಜಿಗೆ ಬೇಕಾದ ದಾಖಲೆ. ಸಿಗದಿದ್ರೆ ತಪ್ಪು ಓದುವವರದ್ದಲ್ಲ, ಜೋಡಣೆಯದ್ದು. ಮಕ್ಕಳ ಫೋನ್ ನಂಬರ್ ಎಲ್ಲೂ ಬೇಡ. ಹಿಂಬದಿಯಲ್ಲಿ ಮಾಹಿತಿ ಸಂಗ್ರಹಿಸಿದ ತಿಂಗಳು, ವರ್ಷ ಇರಲಿ. ಶುಲ್ಕ ಪ್ರತಿ ವರ್ಷ ಬದಲಾಗಬಹುದು. ಆ ನಾಲ್ಕು ಕಾಲಂ ನೋಟ್‌ಬುಕ್ ಶಾಲೆಯಲ್ಲೇ ಇಟ್ಟುಕೊಳ್ಳಿ, ಮುಂದಿನ ವರ್ಷದ ಗುಂಪು ದಿನಾಂಕದ ಕಾಲಂ ನೋಡಿ ಹಳೇದಾದ ಸಾಲುಗಳನ್ನಷ್ಟೇ ಮತ್ತೆ ಕೇಳಿ ತುಂಬಿದರಾಯ್ತು.