ಮೈಕಿನ ಮುಂದೆ ಕೂತವರ ವಿದೇಶಾಂಗ ನೀತಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಅಮೆರಿಕದ ಬಲಪಂಥೀಯ ರೇಡಿಯೊ ಮತ್ತು ಆ ದೇಶದ ವಿದೇಶಾಂಗ ನೀತಿಯ ಬಗ್ಗೆ.

2006ರ ಅಕ್ಟೋಬರ್ 24. ವಾಷಿಂಗ್ಟನ್ನಿನ ಶ್ವೇತಭವನದ ಹುಲ್ಲುಹಾಸಿನ ಮೇಲೆ ಟೆಂಟು ಎದ್ದಿತ್ತು. ಒಳಗೆ ಮೇಜು, ಮೈಕು, ವೈರು, ದೇಶದ ಬೇರೆ ಬೇರೆ ಊರುಗಳಿಂದ ಬಂದ ಹತ್ತಾರು ರೇಡಿಯೊ ನಿರೂಪಕರು. ಅವರಲ್ಲಿ ಬಲಪಂಥೀಯರೇ ಜಾಸ್ತಿ. ದೊಡ್ಡ ದೊಡ್ಡ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಂದು ಅವರ ಮುಂದೆ ಕೂತು ಮಾತಾಡಿದರು. ಇರಾಕ್ ಯುದ್ಧ ಹದಗೆಟ್ಟಿತ್ತು, ಸಂಸತ್ ಚುನಾವಣೆಗೆ ಎರಡೇ ವಾರ ಉಳಿದಿತ್ತು. ಉಪಾಧ್ಯಕ್ಷ ಡಿಕ್ ಚೆನಿ ಅವತ್ತು ಫಾರ್ಗೊ ಊರಿನ ನಿರೂಪಕರೊಬ್ಬರಿಗೆ ಸಂದರ್ಶನ ಕೊಟ್ಟರು. ಜನರ ಜೀವ ಉಳಿಯುವುದಾದರೆ ಸೆರೆ ಸಿಕ್ಕ ಉಗ್ರನನ್ನು ನೀರಿನಲ್ಲಿ ಅದ್ದುವುದಕ್ಕೆ ಯೋಚನೆ ಯಾಕೆ ಎಂದು ಆ ನಿರೂಪಕರು ಕೇಳಿದರು. ಚೆನಿ ಒಪ್ಪಿಕೊಂಡರು. ಚಿತ್ರಹಿಂಸೆಗೆ ಒಪ್ಪಿಗೆ ಎಂಬಂತೆ ಕೇಳಿಸಿದ ಆ ಉತ್ತರಕ್ಕೆ ಸಮಜಾಯಿಷಿ ಕೊಡುವ ಕೆಲಸ ಆಮೇಲೆ ಶ್ವೇತಭವನದ ಪಾಲಿಗೆ ಬಂತು.

ದೇಶ ಆಳುವವರು ರೇಡಿಯೊದವರನ್ನು ಹೀಗೆ ಕರೆದು ಕೂರಿಸಲು ಕಾರಣ ಇದೆ. ಅಮೆರಿಕದಲ್ಲಿ 1949ರಿಂದ ಒಂದು ನಿಯಮವಿತ್ತು. ವಿವಾದದ ವಿಷಯ ಎತ್ತಿಕೊಂಡರೆ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. 1987ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷವೇ, ಆಗಸ್ಟ್‌ನಲ್ಲಿ, ಬಲಪಂಥೀಯ ನಿರೂಪಕ ರಶ್ ಲಿಂಬಾ ದೇಶವ್ಯಾಪಿ ಕಾರ್ಯಕ್ರಮ ಶುರು ಮಾಡಿದರು. ದಿನಾ ಗಂಟೆಗಟ್ಟಲೆ, ಒಬ್ಬರೇ. ಹಾಡು ಕೇಳುವವರೆಲ್ಲ ಅಷ್ಟು ಹೊತ್ತಿಗೆ ಎಫ್‌ಎಂಗೆ ಹೋಗಿಬಿಟ್ಟಿದ್ದರು. ಖಾಲಿಯಾಗಿದ್ದ ಎಎಂ, ಅಂದರೆ ಮೀಡಿಯಂ ವೇವ್ ಕೇಂದ್ರಗಳಿಗೆ ಮಾತೇ ಅಗ್ಗದ ಸರಕಾಯಿತು. ಲಾರಿ ಓಡಿಸುವವರು, ಹೊಲದಲ್ಲಿ ಟ್ರ್ಯಾಕ್ಟರ್ ಮೇಲೆ ಕೂತವರು ಕೇಳಿದರು. ನಮ್ಮಲ್ಲಿ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನಷ್ಟೇ ಮರುಪ್ರಸಾರ ಮಾಡಬಹುದು. ಹಾಗಾಗಿ ಅಮೆರಿಕದ ಆ ಮಾತಿನ ಬಿಸಿ ಎಷ್ಟು ಎಂದು ಊಹಿಸಲು ನಮ್ಮ ಟಿವಿಗಳ ರಾತ್ರಿ ಚರ್ಚೆಯನ್ನು ನೆನೆಸಿಕೊಳ್ಳಿ. ಒಂದೇ ವ್ಯತ್ಯಾಸ, ಅಲ್ಲಿ ಎದುರು ಮಾತಾಡುವವರು ಕೂತಿರುವುದಿಲ್ಲ.

ಈ ಬಲಪಂಥೀಯ ರೇಡಿಯೊಕ್ಕೆ ಒಂದು ಖಚಿತ ವಿದೇಶಾಂಗ ನೀತಿ ಇದೆ ಎಂದು ನನಗೆ ಅನಿಸುವುದಿಲ್ಲ. 2003ರಲ್ಲಿ ಇದೇ ದನಿಗಳು ಇರಾಕ್ ಯುದ್ಧಕ್ಕೆ ಜೈ ಎಂದವು. ಅದು ದೊಡ್ಡ ತಪ್ಪು ಎಂದು 2016ರಲ್ಲಿ ಡೊನಾಲ್ಡ್ ಟ್ರಂಪ್ ಹೇಳಿದಾಗ, ಅವರಲ್ಲೇ ಎಷ್ಟೋ ಜನ ಟ್ರಂಪ್ ಹಿಂದೆ ನಿಂತರು. ಆದರೆ ಒಂದು ಶಕ್ತಿ ಇದೆ. ‘ಬೇಡ’ ಎನ್ನುವ ಶಕ್ತಿ.

2006ರ ಫೆಬ್ರವರಿಯ ಸಂಗತಿ ನೋಡಿ. ಪಿ ಅಂಡ್ ಒ ಎಂಬ ಬ್ರಿಟಿಷ್ ಕಂಪನಿಯನ್ನು ದುಬೈನ ಡಿಪಿ ವರ್ಲ್ಡ್ ಕೊಂಡುಕೊಂಡಿತು. ಅದರ ಜೊತೆಗೆ ನ್ಯೂಯಾರ್ಕ್, ಬಾಲ್ಟಿಮೋರ್, ಮಯಾಮಿ ಸೇರಿ ಅಮೆರಿಕದ ಆರು ಬಂದರುಗಳಲ್ಲಿ ಸರಕು ಇಳಿಸುವ ಕೆಲಸವೂ ದುಬೈ ಸರ್ಕಾರದ ಕಂಪನಿಗೆ ಬರಬೇಕಿತ್ತು. ಬಂದರಿನ ಕಾವಲು ಕರಾವಳಿ ಪಡೆಯದು, ತಪಾಸಣೆ ಕಸ್ಟಮ್ಸ್‌ನದು. ಅದರಲ್ಲಿ ಏನೂ ಬದಲಾಗುತ್ತಿರಲಿಲ್ಲ. ಆದರೆ ಬಂದರನ್ನೇ ಅರಬರಿಗೆ ಮಾರುತ್ತಿದ್ದಾರೆ ಎಂದು ರೇಡಿಯೊದಲ್ಲಿ ಮೈಕೆಲ್ ಸ್ಯಾವೇಜ್‌ರಂಥವರು ಕೂಗಿದರು. ವಿರೋಧ ಪಕ್ಷದ ಚಕ್ ಶೂಮರ್ ಕೂಡ ದನಿಗೂಡಿಸಿದರು. ಸಂಸದರ ಕಚೇರಿಗಳಲ್ಲಿ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಒಪ್ಪಂದ ತಡೆದರೆ ವೀಟೊ ಹಾಕುತ್ತೇನೆ ಎಂದು ಅಧ್ಯಕ್ಷ ಜಾರ್ಜ್ ಬುಷ್ ಗುಡುಗಿದರು. ಅವರದೇ ಪಕ್ಷದ ಹಿಡಿತದಲ್ಲಿದ್ದ ಸಂಸತ್ತಿನ ಸಮಿತಿ 62-2 ಮತದಿಂದ ಅವರ ಮಾತು ತಳ್ಳಿಹಾಕಿತು. ಮರುದಿನ, ಮಾರ್ಚ್ 9ಕ್ಕೆ, ದುಬೈ ಕಂಪನಿಯೇ ಹಿಂದೆ ಸರಿಯಿತು. ಮುಂಬೈ ಬಳಿಯ ನವಶೇವಾ ಬಂದರಿನ ಒಂದು ಕಂಟೇನರ್ ಟರ್ಮಿನಲ್ಲೂ ಅದೇ ಖರೀದಿಯಲ್ಲೇ ಡಿಪಿ ವರ್ಲ್ಡ್ ಕೈಗೆ ಬಂತು. ಅಲ್ಲಿ ಕೆಲಸ ನಡೆಯುತ್ತಲೇ ಇದೆ.

ಈ ವಿದ್ಯೆ ಹಳೆಯದು. 1935ರಲ್ಲಿ ಅಮೆರಿಕ ಅಂತರರಾಷ್ಟ್ರೀಯ ನ್ಯಾಯಾಲಯ ಸೇರಬೇಕೆಂದು ಅಧ್ಯಕ್ಷ ರೂಸ್‌ವೆಲ್ಟ್ ಬಯಸಿದ್ದರು. ಮಿಶಿಗನ್ನಿನ ಪಾದ್ರಿ ಚಾರ್ಲ್ಸ್ ಕಾಗ್ಲಿನ್ ರೇಡಿಯೊದಲ್ಲಿ ಒಂದು ಕರೆ ಕೊಟ್ಟರು, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಟೆಲಿಗ್ರಾಮ್‌ಗಳ ಮಳೆ ಸುರಿಯಿತು. ಪರವಾಗಿ 52 ಮತ, ವಿರುದ್ಧ 36. ಬೇಕಿದ್ದ ಮೂರನೇ ಎರಡು ಭಾಗಕ್ಕೆ ಏಳು ಕಡಿಮೆ.

ರೊನಾಲ್ಡ್ ರೇಗನ್ ಅವರದು ಇನ್ನೂ ಸ್ವಾರಸ್ಯದ ಕಥೆ. ಯುವಕನಾಗಿದ್ದಾಗ ಅವರು ರೇಡಿಯೊದಲ್ಲಿ ಬೇಸ್‌ಬಾಲ್ ವೀಕ್ಷಕ ವಿವರಣೆ ಕೊಡುತ್ತಿದ್ದರು. ಆಟ ಕಣ್ಣಿಗೆ ಕಾಣದಿದ್ದರೂ, ಬಂದ ತಂತಿ ಸಂದೇಶ ನೋಡಿ ಕಟ್ಟಿ ಹೇಳುತ್ತಿದ್ದರು! ಕ್ಯಾಲಿಫೋರ್ನಿಯಾದ ಗವರ್ನರ್ ಪದವಿ ಮುಗಿದ ಮೇಲೆ, 1975ರಲ್ಲಿ, ಮತ್ತೆ ಮೈಕ್ ಹಿಡಿದರು. ಮೂರು ನಿಮಿಷದ ಪುಟ್ಟ ಭಾಷಣಗಳು, ಎಷ್ಟೋ ತಮ್ಮ ಕೈಯಿಂದಲೇ ಬರೆದದ್ದು. ಪನಾಮಾ ಕಾಲುವೆ ಅವರ ಮೆಚ್ಚಿನ ವಿಷಯ. ನಾವು ಕಟ್ಟಿದ್ದು, ನಾವು ಕಾಸು ಕೊಟ್ಟದ್ದು, ಅದು ನಮ್ಮದೇ ಎಂಬುದು ಅವರ ವಾದ. ಕಾಲುವೆ ಬಿಟ್ಟುಕೊಡುವ ಒಪ್ಪಂದಗಳ ಪರ ನಿಂತವರು ಯಾರು ಗೊತ್ತಾ? ಕೌಬಾಯ್ ಸಿನಿಮಾಗಳ ಹೀರೊ, ಪಕ್ಕಾ ಬಲಪಂಥೀಯ ಜಾನ್ ವೇಯ್ನ್. 1978ರಲ್ಲಿ ಸೆನೆಟ್ 68-32 ಮತದಿಂದ ಒಪ್ಪಿತು. ಬೇಕಿದ್ದದ್ದು 67. ಅಷ್ಟು ಹತ್ತಿರದ ಸೋಲು. 1981ರಲ್ಲಿ ಅಧ್ಯಕ್ಷರಾದ ಮೇಲೆ ರೇಗನ್ ಆ ಒಪ್ಪಂದಗಳನ್ನು ಮುಟ್ಟಲೇ ಇಲ್ಲ. ಮೈಕಿನ ಮುಂದೆ ಬೇಡ ಎನ್ನಲು ಖರ್ಚಿಲ್ಲ, ಕುರ್ಚಿಯ ಮೇಲೆ ಕೂತಾಗ ಇದೆ.

ಇವರೆಲ್ಲ ಸುಮ್ನೆ ಕೂಗುವವರು ಎನ್ನುವುದೂ ಸರಿಯಲ್ಲ. ಹ್ಯೂ ಹ್ಯೂಯಿಟ್ ಎಂಬ ಬಲಪಂಥೀಯ ನಿರೂಪಕರಿದ್ದಾರೆ, ವಕೀಲರು. 2015ರಲ್ಲಿ ಟ್ರಂಪ್‌ರನ್ನು ಇರಾನಿನ ಸೇನೆಯ ಕುದ್ಸ್ ಪಡೆಯ ಬಗ್ಗೆ ಕೇಳಿದರು. ಟ್ರಂಪ್ ಅದನ್ನು ಕುರ್ದ್ ಜನಾಂಗ ಎಂದುಕೊಂಡು ಉತ್ತರಿಸಿದರು. ಆಮೇಲೆ ಹ್ಯೂಯಿಟ್‌ರನ್ನು ಮೂರನೇ ದರ್ಜೆಯ ರೇಡಿಯೊದವ ಎಂದು ಜರೆದರು. ಡಿಸೆಂಬರಿನಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳ ಚರ್ಚೆಯಲ್ಲಿ ಹ್ಯೂಯಿಟ್ ಮತ್ತೆ ಕೇಳಿದರು. ವಿಮಾನ, ಕ್ಷಿಪಣಿ, ಜಲಾಂತರ್ಗಾಮಿ, ಅಣ್ವಸ್ತ್ರ ಹೊರುವ ಈ ಮೂರರಲ್ಲಿ ಯಾವುದಕ್ಕೆ ಮೊದಲ ಆದ್ಯತೆ? ಸರಿಯಾದ ಉತ್ತರ ಬರಲಿಲ್ಲ. ಇಷ್ಟು ಹರಿತವಾದ ಪ್ರಶ್ನೆಯನ್ನು ಆ ವರ್ಷ ದೊಡ್ಡ ಪತ್ರಿಕೆಗಳವರೂ ಕೇಳಿದ್ದು ನನಗೆ ನೆನಪಿಲ್ಲ.

2025ರ ಜೂನ್‌ನಲ್ಲಿ ಈ ಮನೆ ಎರಡು ಹೋಳಾಯಿತು. ಇರಾನಿಗೆ ಬಾಂಬ್ ಹಾಕಿ ಎಂದವರು ರೇಡಿಯೊ ನಿರೂಪಕ ಮಾರ್ಕ್ ಲೆವಿನ್, ರೇಗನ್ ಕಾಲದಲ್ಲಿ ನ್ಯಾಯ ಇಲಾಖೆಯಲ್ಲಿದ್ದವರು. ಬೇಡ ಎಂದವರು ಟ್ರಂಪ್‌ರ ಹಿಂದಿನ ಸಲಹೆಗಾರ ಸ್ಟೀವ್ ಬ್ಯಾನನ್ ಮತ್ತು ಟಿವಿ ನಿರೂಪಕರಾಗಿದ್ದ ಟಕರ್ ಕಾರ್ಲ್ಸನ್. ಇರಾನಿನ ಆಡಳಿತ ಉರುಳಬೇಕು ಎನ್ನುತ್ತಿದ್ದ ಸೆನೆಟರ್ ಟೆಡ್ ಕ್ರೂಜ್‌ರನ್ನು ಕಾರ್ಲ್ಸನ್ ಕೇಳಿದರು, ಆ ದೇಶದ ಜನಸಂಖ್ಯೆ ಎಷ್ಟು? ಕ್ರೂಜ್‌ಗೆ ಗೊತ್ತಿರಲಿಲ್ಲ. ಆ ತುಣುಕನ್ನು ಜನ ಎಲ್ಲೆಲ್ಲೂ ನೋಡಿದರು. ಅದೇ ವಾರಾಂತ್ಯ ಅಮೆರಿಕದ ಬಿ-2 ವಿಮಾನಗಳು ಇರಾನಿನ ಫೋರ್ಡೊ ಅಣುಕೇಂದ್ರದ ಮೇಲೆ ಬಾಂಬ್ ಹಾಕಿ ಬಂದವು. ಬಂದರಿನ ವಿಷಯ ಸಮಿತಿಯ ಮತಕ್ಕೆ ಬಂದಿತ್ತು, ಕಾಲುವೆಗೆ ಸೆನೆಟ್ ಮತ ಬೇಕಿತ್ತು. ಈ ದಾಳಿಗೆ ಮುಂಚೆ ಯಾವ ಮತವೂ ನಡೆಯಲಿಲ್ಲ. ಬೇಡ ಎನ್ನುವ ಕೇಳುಗ ಯಾರ ಕಚೇರಿಗೆ ಫೋನ್ ಮಾಡಬೇಕಿತ್ತು?

ನಮಸ್ಕಾರ.