ಡ್ಯಾಂಪ್ ಅಂದ್ರೆ ಬರೀ ತೇವ ಅಲ್ಲ

ಕೇಳುಗರಿಗೆ ನಮಸ್ಕಾರ. ಆಟಿ ತಿಂಗಳ ಮಳೆ ಬಿಡ್ತಾನೇ ಇಲ್ಲ. ನಾಲ್ಕು ದಿನದ ಹಿಂದೆ ಹಗ್ಗಕ್ಕೆ ಹಾಕಿದ ಬೈರಾಸು ಇನ್ನೂ ಹಾಗೇ ಉಂಟು. ಹಿಂಡಿದರೆ ನೀರು ಬರುವುದಿಲ್ಲ, ಕೆನ್ನೆಗೆ ಒತ್ತಿದರೆ ತಣ್ಣಗೆ. ಅಮ್ಮ ಅದನ್ನು ಚೆಂಡಿ ಅಂತಾರೆ. ಕಾಸರಗೋಡು ಪೇಟೆಯಲ್ಲಿ ಈರ್ಪಂ ಅಂತಾರೆ. ಮಗಳು ಮಾತ್ರ ಮುಖ ಸಿಂಡರಿಸಿ ‘ಡ್ಯಾಂಪ್’ ಅಂತಾಳೆ.

ಸುಮ್ನೆ ಆ ಪದದ ಬೆನ್ನು ಹತ್ತಿದೆ. ನೋಡಿದರೆ, ಮೊದಲಿಗೆ ಅದು ತೇವದ ಹೆಸರೇ ಅಲ್ಲ! ಡಚ್ಚರು, ಜರ್ಮನ್ನರ ಕಡೆಯಿಂದ ಬಂದ ಮಾತು, ಅರ್ಥ ಹಬೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಅದಕ್ಕೆ ಜರ್ಮನ್ನರು ಈಗಲೂ ಡಾಂಪ್ಫ್ ಅನ್ನುತ್ತಾರೆ.

ಇಂಗ್ಲೆಂಡಿನ ಕಲ್ಲಿದ್ದಲು ಗಣಿಯವರ ಬಾಯಲ್ಲಿ ಇದು ಕೆಟ್ಟ ಗಾಳಿಯ ಹೆಸರಾಯಿತು. ಬೆಂಕಿ ಹತ್ತಿಕೊಳ್ಳುವ ಮೀಥೇನ್ ಫೈರ್‌ಡ್ಯಾಂಪ್. ಕೊಳೆತ ಮೊಟ್ಟೆಯ ವಾಸನೆಯದ್ದು ಸ್ಟಿಂಕ್‌ಡ್ಯಾಂಪ್. ದೀಪ ಆರಿಸಿ ಉಸಿರು ಕಟ್ಟಿಸುವುದು ಬ್ಲ್ಯಾಕ್‌ಡ್ಯಾಂಪ್. ಇನ್ನೊಂದು ಆಫ್ಟರ್‌ಡ್ಯಾಂಪ್, ಗಣಿ ಸಿಡಿದ ಮೇಲೆ ಒಳಗೆ ಉಳಿಯುವ ಗಾಳಿ, ಬೆಂಕಿಯಿಂದ ಬಚಾವಾದವರನ್ನೂ ಅದು ಬಿಡುತ್ತಿರಲಿಲ್ಲ. 1812ರಲ್ಲಿ ಫೆಲ್ಲಿಂಗ್ ಅನ್ನುವ ಗಣಿ ಸಿಡಿದು 92 ಮಂದಿ ಸತ್ತರು. ಮೂರು ವರ್ಷದ ನಂತರ, 1815ರಲ್ಲಿ, ಹಂಫ್ರಿ ಡೇವಿ ಅನ್ನುವ ವಿಜ್ಞಾನಿ, ಜ್ವಾಲೆ ಹೊರಗಿನ ಗಾಳಿಗೆ ಹತ್ತಿಕೊಳ್ಳದ ಹಾಗೆ, ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಇಟ್ಟ. ಜ್ವಾಲೆ ನೀಲಿಯಾಗಿ ಉದ್ದಕ್ಕೆ ಎದ್ದರೆ ಫೈರ್‌ಡ್ಯಾಂಪ್ ಉಂಟು ಅಂತ ಲೆಕ್ಕ, ನಂದಿಹೋದರೆ ಬ್ಲ್ಯಾಕ್‌ಡ್ಯಾಂಪ್.

ಇದನ್ನು ಓದುವಾಗ ನನಗೆ ಬಾಯಾರು, ಪಡ್ರೆ ಕಡೆಯ ಸುರಂಗಗಳ ನೆನಪಾಯಿತು. ಬಾವಿಯನ್ನು ಕೆಳಗೆ ತೋಡುವ ಬದಲು ಗುಡ್ಡೆಯ ಮುರಕಲ್ಲಿಗೆ ಅಡ್ಡಕ್ಕೆ ಕೊರೆಯುವುದು, ಒಬ್ಬ ಆಳು ನುಗ್ಗುವಷ್ಟೇ ಜಾಗ, ಕೊನೆಯಲ್ಲಿ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ, ಪಂಪು ಬೇಡ. ಅಗೆಯುವವರು ಮಣ್ಣನ್ನು ಕೈಯಲ್ಲಿ ಉಜ್ಜಿ ಪಸೆ ಇದೆಯಾ ನೋಡುತ್ತಾರೆ. ಪಕ್ಕದಲ್ಲೇ ಒಂದು ಮೇಣದ ಬತ್ತಿ. ಬರೀ ಬೆಳಕಿಗಲ್ಲ. ಅದು ಮಂಕಾಗಿ ನಂದಿತೋ, ಹಾರೆ ಅಲ್ಲೇ ಬಿಟ್ಟು ಹೊರಗೆ ಬರಬೇಕು. ಹುಡುಕುವ ಪಸೆಯೂ ಡ್ಯಾಂಪ್, ಬತ್ತಿ ಆರಿಸುವ ಗಾಳಿಯೂ ಡ್ಯಾಂಪ್. ಆ ಪದ ಗೊತ್ತಿಲ್ಲದೆಯೇ ನಮ್ಮವರು ಅದರ ಎರಡೂ ಅರ್ಥ ಬಲ್ಲರು, ಅಲ್ವಾ?

ಹಬೆಯಿಂದ ಮಂಜಿಗೆ, ಮಂಜಿನಿಂದ ತೇವಕ್ಕೆ ಅರ್ಥ ಜಾರಿದ್ದು ಆಮೇಲೆ. 18ನೇ ಶತಮಾನದಲ್ಲಿ ತೇವದ ಅರ್ಥವೇ ಜಾಸ್ತಿ ಬಳಕೆಗೆ ಬಂತು. ಆದರೂ ಉಸಿರು ಕಟ್ಟಿಸುವ ಹಳೇ ಚಾಳಿ ಹೋಗಿಲ್ಲ. ಪಿಯಾನೋದ ತಂತಿಯ ಮೇಲೆ ಕೂತು ನಾದ ನಿಲ್ಲಿಸುವ ತುಂಡಿಗೆ ಡ್ಯಾಂಪರ್ ಅಂತಾರೆ, ಅದರಲ್ಲಿ ಒಂದು ತೊಟ್ಟೂ ನೀರಿಲ್ಲ. ಯಾರದ್ದಾದರೂ ಹುರುಪು ಇಳಿಸಿದರೆ ನಾವು ತಣ್ಣೀರು ಎರಚಿದ ಅನ್ನುತ್ತೇವೆ. ಇಂಗ್ಲಿಷಿನವರೂ ಡ್ಯಾಂಪ್ ಮಾಡಿದ ಅನ್ನುತ್ತಾರೆ, ಕೇಳುವುದಕ್ಕೆ ಒಂದೇ ಥರ, ಆದರೆ ಅವರದ್ದು ನೀರಲ್ಲ, ಬೆಂಕಿಯ ಉಸಿರು ಕಟ್ಟಿಸುವುದು.

ಬೈರಾಸನ್ನು ಅಮ್ಮ ಈಗ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದಾರೆ. ಒಣಗಿದೆ, ಆದರೆ ಹೊಗೆ ವಾಸನೆ. ಮಗಳು ಮುಟ್ಟುವುದಿಲ್ಲ ಅಂತ ಕೂತಿದ್ದಾಳೆ.