ಹಾಲು ಹುಟ್ಟುವ ಜಾಗ

ಕೇಳುಗರಿಗೆ ನಮಸ್ಕಾರ.

ಹಾಸನದ ಸುತ್ತಮುತ್ತಲ ಹಳ್ಳಿಗಳಲ್ಲಿ ಬೆಳಗಿನ ಜಾವ ಎದ್ದರೆ ಮೊದಲು ಕೇಳುವ ಸದ್ದು ಯಾವುದು ಹೇಳಿ? ಖಾಲಿ ಬಕೆಟ್ಟಿಗೆ ಹಾಲಿನ ಮೊದಲ ಧಾರೆ ಬೀಳುವ ಸದ್ದು. ಚರ್ರ್, ಚರ್ರ್ ಅಂತ ಶುರುವಾಗಿ, ನೊರೆ ಕಟ್ಟುತ್ತಾ ಬಂದ ಹಾಗೆ ಮೆತ್ತಗಾಗುತ್ತದೆ. ಸ್ವಲ್ಪ ಹೊತ್ತಿಗೆ ಕ್ಯಾನು ಹಿಡಿದವರ ಸಾಲು ಡೈರಿ ಮುಂದೆ ಬೆಳೆದಿರುತ್ತದೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅಂಗಾಂಶದ ಪಾಠ ಬಂದಾಗ ಅನುಲೇಪಕ, ಸಂಯೋಜಕ, ಸ್ನಾಯು, ನರ ಅಂತ ನಾಲ್ಕು ಹೆಸರನ್ನು ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಅದೇ ಮಕ್ಕಳಲ್ಲಿ ಎಷ್ಟೋ ಜನ ಆವತ್ತು ಬೆಳಿಗ್ಗೆ ಹಾಲು ಕರೆದೇ ಸ್ಕೂಲಿಗೆ ಬಂದಿರುತ್ತಾರೆ. ಆ ನಾಲ್ಕೂ ಅಂಗಾಂಶ ಆಗಲೇ ಅವರ ಕೈಯಲ್ಲಿತ್ತು ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ. ಅದಕ್ಕೇ ಇವತ್ತು ಹಸುವಿನ ಕೆಚ್ಚಲಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಪ್ರಾಣಿಗಳ ಮೈಯೆಲ್ಲ ಜೀವಕೋಶಗಳಿಂದಲೇ ಆಗಿದೆ ಅಂತ ಜರ್ಮನಿಯ ಥಿಯೋಡೋರ್ ಶ್ವಾನ್ 1839ರಲ್ಲಿ ಬರೆದರು. ಒಂದು ಕೆಲಸಕ್ಕೆ ಅಂತ ಗುಂಪುಗೂಡಿದ ಕೋಶಗಳೇ ಅಂಗಾಂಶ. ಇಷ್ಟು ನೆನಪಿದ್ದರೆ ಸಾಕು, ಕೊಟ್ಟಿಗೆಗೆ ಹೋಗೋಣ.

ಕೆಚ್ಚಲು ಅಂದರೆ ಹಾಲು ತುಂಬಿದ ಚೀಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಳಗೆ ನೋಡಿದರೆ ಅದು ಸ್ಪಂಜಿನ ಹಾಗಿದೆ. ಸಕಲೇಶಪುರದ ಕಡೆ ಕರಿಮೆಣಸಿನ ಗೊಂಚಲು ನೋಡಿದ್ದೀರಲ್ಲ, ಹಾಗೆ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಸಣ್ಣ ಸಣ್ಣ ನಾಳಗಳಿಗೆ ಅಂಟಿಕೊಂಡಿವೆ. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಗುಳ್ಳೆಯ ಒಳಗೋಡೆಗೆ ಒಂದೇ ಒಂದು ಸಾಲು ಜೀವಕೋಶ. ಇದೇ ಅನುಲೇಪಕ ಅಂಗಾಂಶ. ಹಾಲು ಹುಟ್ಟುವುದು ಇಲ್ಲಿ.

ಈ ಕೋಶದ ಒಂದು ಮಗ್ಗುಲಿಗೆ ರಕ್ತ, ಇನ್ನೊಂದು ಮಗ್ಗುಲಿಗೆ ಹಾಲು. ರಕ್ತದಿಂದ ಗ್ಲೂಕೋಸ್ ಎಳೆದುಕೊಂಡು ಗಾಲ್ಜಿ ಅನ್ನುವ ಭಾಗದಲ್ಲಿ ಹಾಲಿನ ಸಕ್ಕರೆ ಮಾಡುತ್ತದೆ. ರೈಬೋಸೋಮು ಅನ್ನುವ ಸಣ್ಣ ಕಣಗಳಲ್ಲಿ ಪ್ರೋಟೀನ್ ಕಟ್ಟುತ್ತದೆ. ಕೊಬ್ಬಿನ ವಿಷಯವಂತೂ ನನಗೆ ಈಗಲೂ ಬೆರಗು. ಕೊಬ್ಬಿನ ಹನಿ ಹೊರಗೆ ಬರುವಾಗ ಕೋಶ ತನ್ನ ಪೊರೆಯ ತುಂಡನ್ನೇ ಅದಕ್ಕೆ ಹೊದಿಸಿ ಕಳಿಸುತ್ತದೆ. ನಮ್ಮ ಅಜ್ಜಿ ಕಡೆಗೋಲು ಹಿಡಿದು ಗಂಟೆಗಟ್ಟಲೆ ಮೊಸರು ಕಡೆಯುತ್ತಿದ್ದರಲ್ಲ, ಆಗ ಹರಿಯುತ್ತಿದ್ದದ್ದು ಆ ಹೊದಿಕೆ. ಅದು ಹರಿದ ಮೇಲೆಯೇ ಕೊಬ್ಬು ಒಂದಕ್ಕೊಂದು ಕೂಡಿ ಬೆಣ್ಣೆಯಾಗುವುದು.

ಒಂದು ಲೀಟರ್ ಹಾಲಾಗಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತದೆ ಅನ್ನಿ. ಮೈಯ ಭಾಗಗಳನ್ನು ಒಂದಕ್ಕೊಂದು ಜೋಡಿಸುವ, ಆಧಾರ ಕೊಡುವ ಅಂಗಾಂಶಕ್ಕೆ ಸಂಯೋಜಕ ಅನ್ನುತ್ತಾರೆ. ರಕ್ತವೂ ಆ ಗುಂಪಿನದೇ. ಕೆಚ್ಚಲನ್ನು ಹೊಟ್ಟೆಗೆ ಎತ್ತಿ ಕಟ್ಟಿರುವ ಗಟ್ಟಿ ಪಟ್ಟಿಗಳೂ ಅದೇ ಜಾತಿ. ವಯಸ್ಸಾದ ಹಸುವಿನ ಕೆಚ್ಚಲು ಜೋತು ಬೀಳುತ್ತದಲ್ವಾ? ಆ ಪಟ್ಟಿ ಸಡಿಲವಾಗಿದೆ ಅಂತ ಅರ್ಥ.

ಇನ್ನು ಹಾಲು ಇಳಿಯುವ ಕಥೆ. ಕರು ಬಾಯಿ ಹಾಕಿದಾಗ, ಇಲ್ಲ ನಾವು ಬಿಸಿನೀರಲ್ಲಿ ಕೆಚ್ಚಲು ತೊಳೆದು ತೊಟ್ಟು ನೀವಿದಾಗ, ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಉತ್ತರ ಮಾತ್ರ ನರದಲ್ಲಿ ಬರುವುದಿಲ್ಲ, ರಕ್ತದಲ್ಲಿ ಬರುತ್ತದೆ. ಅದರ ಹೆಸರು ಆಕ್ಸಿಟೋಸಿನ್, ರಕ್ತದಲ್ಲಿ ಸುದ್ದಿ ಒಯ್ಯುವ ಒಂದು ಹಾರ್ಮೋನು. ಬರಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಪ್ರತಿ ಗುಳ್ಳೆಯ ಸುತ್ತ ಬುಟ್ಟಿ ಹೆಣೆದ ಹಾಗೆ ಕೆಲವು ಕೋಶಗಳಿವೆ. ಹುಟ್ಟಿನಲ್ಲಿ ಅವು ಅನುಲೇಪಕ, ಮಾಡುವ ಕೆಲಸ ಸ್ನಾಯುವಿನದು. ಆಕ್ಸಿಟೋಸಿನ್ ಮುಟ್ಟಿದ ಕೂಡಲೇ ಅವು ಗುಳ್ಳೆಯನ್ನು ಹಿಂಡುತ್ತವೆ. ಕೆಚ್ಚಲು ಬಿಗಿಯಾಗುತ್ತದೆ, ತೊಟ್ಟು ತುಂಬುತ್ತದೆ. ಈ ಒತ್ತಡ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಬೇಕು. ನಡುವೆ ಫೋನು ಬಂತು ಅಂತ ಎದ್ದು ಹೋದರೆ ಗುಳ್ಳೆಗಳಲ್ಲಿ ಹಾಲು ಉಳಿದುಬಿಡುತ್ತದೆ.

ಹಸುವಿಗೆ ಹೊಡೆದರೆ, ಗದರಿಸಿದರೆ, ಕೊಟ್ಟಿಗೆಗೆ ನಾಯಿ ನುಗ್ಗಿದರೆ, "ಹಾಲು ಮೇಲಕ್ಕೆ ಎಳ್ಕೊಂಡ್‌ಬಿಡ್ತು" ಅನ್ನುತ್ತಾರೆ ನಮ್ಮ ಕಡೆ. ಹಾಲು ಮೇಲೆ ಹೋಗಿರುವುದಿಲ್ಲ, ಪಾಪ, ಕೆಳಗೆ ಬಂದೇ ಇರುವುದಿಲ್ಲ. ಹೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ, ಆಕ್ಸಿಟೋಸಿನ್ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಅಜ್ಜಿ ಹಸುವಿನ ಗಂಗೆದೊಗಲು ಸವರಿ, ಹೆಸರು ಹಿಡಿದು ಕರೆದು, ಆಮೇಲೆ ಕೂರುತ್ತಿದ್ದರು. ಅವರು ಜೀವಶಾಸ್ತ್ರ ಓದಿದವರಲ್ಲ. ಆದರೂ ಮಾಡುತ್ತಿದ್ದದ್ದು ನೂರಕ್ಕೆ ನೂರು ಸರಿ.

ಒಂದು ತಪ್ಪು ಮಾತ್ರ ನಮ್ಮ ಮನೆಯಲ್ಲೇ ಆಯಿತು. ನಾನು ಕಾಲೇಜಿನಲ್ಲಿದ್ದಾಗ ದುಡ್ಡಿನ ತಾಪತ್ರಯ. ಗಬ್ಬದ ಹಸುವನ್ನು ಬತ್ತಿಸದೆ, ಕರು ಹಾಕುವ ವಾರದವರೆಗೂ ಕರೆದೆವು. ದಿನಾ ಎರಡು ಮೂರು ಲೀಟರ್ ಸಿಗುತ್ತಿತ್ತು, ಬಿಡಲು ಮನಸ್ಸಾಗಲಿಲ್ಲ. ಕರು ಹಾಕಿದ ಮೇಲೆ ಹಿಂದಿನ ಸಲದಷ್ಟು ಹಾಲು ಬರಲೇ ಇಲ್ಲ. ಹಿಂಡಿ ಜಾಸ್ತಿ ಮಾಡಿದೆವು, ಬೂಸಾ ಬದಲಿಸಿದೆವು, ದೃಷ್ಟಿ ತೆಗೆದೆವು. ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಪುಸ್ತಕ ಓದುವಾಗ. ಹಾಲು ಮಾಡುವ ಕೋಶಗಳು ದಣಿಯುತ್ತವೆ, ಸಾಯುತ್ತವೆ. ಬತ್ತಿಸಿದ ಸುಮಾರು 60 ದಿನಗಳಲ್ಲಿ ಹಳೆಯವು ಹೋಗಿ ಹೊಸವು ಹುಟ್ಟುತ್ತವೆ. ಆ ಎರಡು ತಿಂಗಳನ್ನು ನಾವು ಆ ಹಸುವಿಗೆ ಕೊಡಲಿಲ್ಲ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಕರು ಹಾಕುವ ದಿನದ ಅಂದಾಜು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ, ಆವತ್ತಿಗೆ ಕರೆಯುವುದು ನಿಲ್ಲಿಸಿ. ಬತ್ತಿಸುವಾಗ ಕೆಚ್ಚಲಿಗೆ ಯಾವ ಔಷಧಿ ಅಂತ ಪಶುವೈದ್ಯರನ್ನು ಕೇಳಿ.

ಕೊನೆಯದಾಗಿ ತೊಟ್ಟಿನ ತುದಿಯ ಬಗ್ಗೆ ಎರಡು ಮಾತು. ಅಲ್ಲಿ ಬಳೆಯ ಹಾಗೆ ಒಂದು ಸ್ನಾಯು ಇದೆ, ತೊಟ್ಟಿನ ಬಾಯಿ ಮುಚ್ಚುವುದು ಅದರ ಕೆಲಸ. ಹಾಲು ಕರೆದ ಮೇಲೆ ಅದು ಪೂರ್ತಿ ಬಿಗಿಯಾಗಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ರೋಗಾಣು ಸುಲಭವಾಗಿ ಒಳಗೆ ಹೋಗಿ ಕೆಚ್ಚಲು ಬಾವು ಬರುತ್ತದೆ. ಇವತ್ತು ಸಂಜೆ ಹಾಲು ಕರೆದು ಏಳುವಾಗ ಹಸುವಿನ ಮುಂದೆ ಒಂದು ಹೊರೆ ಹಸಿ ಹುಲ್ಲು ಹಾಕಿ. ಅದು ಮೇಯುತ್ತಾ ನಿಂತಿರಲಿ, ನೀವು ಡೈರಿಗೆ ಹಾಲು ಹಾಕಿ ಬನ್ನಿ.

ನಮಸ್ಕಾರ.